ಹೆಣದ ಮುಂದಿನ ಧಾಟಿ

ಹಣಮೇಶನ ಆಲ್ಬಮ್ಮಿನ ಹಾಡುಗಳನ್ನು ಹೆಚ್ಚು ಜನ ಕೇಳಲಿಲ್ಲ. ಜಾಝ್ ಮತ್ತು ಹಿಪ್‌ಹಾಪ್ ಬೆರೆಸಿದ ಸಂಗೀತ ಸುರಪುರದಲ್ಲಿ ಯಾರಿಗೆ ಬೇಕಿತ್ತು? ಕೊನೆಯ ಹಾಡೊಂದು ಮಾತ್ರ ಶಹಾಪುರ ದಾಟಿ ಯಾದಗಿರಿಯ ಆಟೊಗಳವರೆಗೂ ಹೋಯಿತು. ಅದರಲ್ಲಿ ಅವನ ರ್‍ಯಾಪ್‌ಗಿಂತ ಉಸ್ಮಾನಸಾಬರ ಸ್ಯಾಕ್ಸೊಫೋನೇ ಜನರನ್ನು ಹಿಡಿದಿತ್ತು.

ಉಸ್ಮಾನಸಾಬ ಮದುವೆ ಬ್ಯಾಂಡಿನ ಮಾಸ್ತರ. ಸಾವಿನ ಮೆರವಣಿಗೆಗೂ ಅವರದೇ ಬ್ಯಾಂಡು. ಹೆಣದ ಮುಂದೆ ಊದುವ ಧಾಟಿಯೊಂದನ್ನು ಅವರು ಬೇರೆಲ್ಲೂ ಊದುತ್ತಿರಲಿಲ್ಲ, ಮನೆಯಲ್ಲಿ ಅಭ್ಯಾಸಕ್ಕೂ ಇಲ್ಲ. ಕಲಿಯುವವರು ಹೆಣದ ಮುಂದೆ ನಡೆಯುತ್ತಲೇ ಕಲಿಯಬೇಕು. ಹಣಮೇಶನಿಗೆ ಬೇಕಾದದ್ದು ಆ ಧಾಟಿಯೇ. ಜಾಝ್ ಹುಟ್ಟಿದ ಊರಿನಲ್ಲೂ ಬ್ಯಾಂಡಿನವರು ಹೆಣದ ಜೊತೆ ನಡೆಯುತ್ತಾರೆಂದು ಅವನು ಎಲ್ಲೋ ಓದಿದ್ದ.

ರೆಕಾರ್ಡಿಂಗ್ ನಡೆದದ್ದು ಪಂಪಣ್ಣನ ಹಿಟ್ಟಿನ ಗಿರಣಿಯ ಹಿಂದಿನ ಕೋಣೆಯಲ್ಲಿ. ಪ್ರತಿಧ್ವನಿ ಬಾರದಿರಲೆಂದು ಗೋಡೆಗೆಲ್ಲ ಗೋಣಿಚೀಲ ತೂಗುಹಾಕಿದ್ದರು.

“ಮನ್ಯಾಗ ಊದೂದಲ್ಲಪಾ ಅದು,” ಎಂದರು ಉಸ್ಮಾನಸಾಬ.

“ಮನಿ ಎಲ್ಲೈತ್ರಿ ಕಾಕಾ? ಇದು ಗಿರಣಿ.”

ಪಂಪಣ್ಣ ಉಸ್ಮಾನಸಾಬರ ಬಾಲ್ಯದ ಗೆಳೆಯ. ಮಷೀನು ನಿಲ್ಲಿಸಿ ಬಂದವನು ನಕ್ಕ. “ಊದಲೇ ಉಸ್ಮಾನ್. ನಾ ಸತ್ತಾಗ ಹೆಂಗೂ ಊದ್ತಿ. ಆವಾಗ ನನಗೇನು ಕೇಳಸ್ತೈತಿ?”

ಉಸ್ಮಾನಸಾಬ ಒಮ್ಮೆ ಮಾತ್ರ ಊದಿದರು. ಹಣಮೇಶ ಅದಕ್ಕೆ ಜೋರು ತಾಳ ಕೂಡಿಸಿ, ಬೈಕು, ಚಹಾದಂಗಡಿ, ಗೆಳೆಯರ ಹುರುಪಿನ ಮಾತು ತುಂಬಿದ. ಹೀಗೆ ಮಾಡಬಹುದೇ ಎಂದು ಉಸ್ಮಾನಸಾಬರನ್ನು ಕೇಳಬೇಕೆನಿಸಿತ್ತು. ಬೇಡ ಎಂದಾರೆಂಬ ಹೆದರಿಕೆಗೆ ಕೇಳಲಿಲ್ಲ.

ಬೇಸಿಗೆಗೆ ಮೊದಲೇ ಪಂಪಣ್ಣ ತೀರಿಕೊಂಡ. ಹೆಣ ಹೊರುವ ಹೂವಿನ ವಿಮಾನದಲ್ಲಿ ಅವನನ್ನು ಕೂರಿಸಿದರು. ಉಸ್ಮಾನಸಾಬ ಮುಂದೆ ನಿಂತು, ಕಣ್ಣು ಮುಚ್ಚಿ, ಗೆಳೆಯನಿಗಾಗಿ ಆ ಧಾಟಿ ಎತ್ತಿಕೊಂಡರು. ಬಸ್‌ಸ್ಟ್ಯಾಂಡಿನ ತಿರುವಿನಲ್ಲಿ ನಿಂತಿದ್ದ ಹುಡುಗರಲ್ಲಿ ಒಬ್ಬನ ತಲೆ ತಾನಾಗಿ ಅಲ್ಲಾಡಿತು. ಇನ್ನೊಬ್ಬನ ಬಾಯಿಗೆ ಹಣಮೇಶನ ಹಾಡಿನ ಬೈಕಿನ ಸಾಲು ಬಂತು. ಫೋನುಗಳು ಮೇಲೆದ್ದವು. ಅಣಕಿಸುವ ಉದ್ದೇಶ ಯಾರಿಗೂ ಇರಲಿಲ್ಲ. ಅವರಿಗೆ ಅದು ಗೊತ್ತಿದ್ದ ಹಾಡು, ಅಷ್ಟೇ.

ವಿಮಾನದ ಹಿಂದಿನಿಂದ ಪಂಪಣ್ಣನ ಹೆಂಡತಿ ಬಸ್ಸಮ್ಮ ಕೂಗಿದಳು. “ಉಸ್ಮಾನಣ್ಣ, ನಿಂದರಸ್ರಿ! ನಮ್ಮವರ ಮುಂದ ಕುಣ್ಯಾಕತ್ತಾರ!”

ಉಸ್ಮಾನಸಾಬ ಸ್ಯಾಕ್ಸೊಫೋನ್ ಕೆಳಗಿಳಿಸಿದರು. ಮಣ್ಣು ಕೊಡುವ ಜಾಗದವರೆಗೆ ಬ್ಯಾಂಡಿನವರು ಹಲಗೆಯಷ್ಟೇ ಬಡಿದರು.

ಎಲ್ಲ ಮುಗಿದ ಮೇಲೆ, ಬೋರಿನ ನೀರಿನಲ್ಲಿ ಕಾಲು ತೊಳೆಯುತ್ತಿದ್ದ ಅವರ ಬಳಿಗೆ ಹಣಮೇಶ ಹೋದ.

“ಕಾಕಾ, ಹಾಡು ಇವತ್ತ ತೆಗೆದುಹಾಕ್ತೀನ್ರಿ.”

“ಎಲ್ಲಿಂದ ತೆಗೀತಿ? ಆ ಹುಡುಗರ ಬಾಯಾಗಿಂದೇನು?”

“ತಪ್ಪಾತ್ರಿ. ಬ್ಯಾರೆ ಧಾಟಿ ಕಟ್ಟೋಣ್ರಿ.”

“ಇದನ್ನ ಯಾರು ಕಟ್ಟ್ಯಾರಂತ ನಮ್ಮ ಅಬ್ಬಾಗೂ ಗೊತ್ತಿರಲಿಲ್ಲ. ಊದಿದಾವ ನಾನೇ, ನಿನಗೊಬ್ಬನಿಗೆ ಏನಂತ ಬೈಲಿ?” ಉಸ್ಮಾನಸಾಬ ಚಪ್ಪಲಿ ಮೆಟ್ಟಿಕೊಂಡರು. “ಶುಕ್ರವಾರ ಕೆಂಭಾವ್ಯಾಗ ಮದುವಿ ಐತಿ. ವರನ ಕಡಿಯವರು ಫೋನ್ ಮಾಡಿದ್ರು. ನಿನ್ನ ಹಾಡೇ ಊದಬೇಕಂತ. ಏನ್ ಹೇಳ್ಲಿ?”

ಹಣಮೇಶ ಬಗ್ಗಿ, ಅವರ ಸ್ಯಾಕ್ಸೊಫೋನಿಗೆ ಮೆತ್ತಿದ್ದ ಧೂಳು ಒರೆಸತೊಡಗಿದ. ಉಸ್ಮಾನಸಾಬ ಅದನ್ನು ಅವನ ಕೈಯಿಂದ ತೆಗೆದುಕೊಂಡು, ರಸ್ತೆಯ ಕಡೆಗೆ ನಡೆದರು.