ಕಲ್ ಅಂದರೆ ನಿನ್ನೆ

ಭಟ್ಕಳದ ಶ್ರೀಮತಿಗೆ ನಲವತ್ತೆರಡನೆಯ ವಯಸ್ಸಿನಲ್ಲಿ ಒಂದು ಊರು ನೋಡುವ ಹುಚ್ಚು ಹಿಡಿಯಿತು. ಕಾಶಿಯಲ್ಲ, ರಾಮೇಶ್ವರವಲ್ಲ, ಧಾರವಾಡ. ಕೇಳಿದವರೆಲ್ಲ ನಕ್ಕರು. ಧಾರವಾಡಕ್ಕೆ ಜನ ಓದುವುದಕ್ಕೆ ಹೋಗುತ್ತಾರೆ, ಕೋರ್ಟು ಕಚೇರಿಯೆಂದು ಹೋಗುತ್ತಾರೆ. ಸುಮ್ಮನೆ ನೋಡುವುದಕ್ಕೆ ಯಾರಾದರೂ ಘಟ್ಟ ಹತ್ತುತ್ತಾರೆಯೇ?

ಅವಳ ಗಂಡ ಮಹಾಬಲ ಹೆಗಡೆ ಸರ್ಕಾರಿ ಕಚೇರಿಯಲ್ಲಿ ಹೆಡ್ ಕ್ಲಾರ್ಕು. ಅವನೂ ನಕ್ಕ.

"ಧಾರವಾಡದಲ್ಲಿ ಎಂತ ಇದ್ದು ಮಾರಾಯ್ತಿ? ಒಂದು ಸಮುದ್ರನೂ ಇಲ್ಲೆ."

"ಖಾನ್ ಸಾಹೇಬ್ರು ಇದ್ದ."

"ಅವ್ರು ನಿನ್ನ ದಾರಿ ಕಾಯ್ತಾ ಇದ್ವ?"

ಕಾಯುತ್ತಿರಲಿಲ್ಲ, ನಿಜ. ಧಾರವಾಡದ ಗಾಯಕ ಸುಲೇಮಾನ್ ಖಾನ್ ಸಾಹೇಬರಿಗೆ ಭಟ್ಕಳವೆಂಬ ಊರಿದೆಯೆಂದು ಗೊತ್ತಿತ್ತೋ ಇಲ್ಲವೋ. ಶ್ರೀಮತಿಗೆ ಮಾತ್ರ ಅವರು ಗೊತ್ತಿದ್ದರು. ಪಕ್ಕದ ಮನೆಯ ಫಾತಿಮಾಬಿಯ ಗಂಡ ಮುಂಬಯಿಯಿಂದ ಬ್ಯಾಟರಿ ರೇಡಿಯೋ ತಂದ ವರ್ಷ, ಬೇಲಿಯ ಈಚೆ ದಾಸವಾಳ ಕೊಯ್ಯುತ್ತ ನಿಂತಿದ್ದವಳ ಮೇಲೆ ಆ ದನಿ ಬಂದು ಬಿದ್ದಿತ್ತು. ನಯವಾದ ದನಿಯೇನಲ್ಲ. ಬೆಲ್ಲದ ಕೊಪ್ಪರಿಗೆಯ ತಳ ಕೆರೆದಂತೆ ಒರಟು. ಆದರೆ ಸಿಹಿಯೆಲ್ಲ ಅಂಟಿಕೊಂಡಿರುವುದು ತಳದಲ್ಲೇ ಅಲ್ಲವೇ? ಅವಳು ಹೂವಿನ ಬುಟ್ಟಿ ಹಿಡಿದುಕೊಂಡೇ ಬೇಲಿಗೆ ಒರಗಿದಳು. ಫಾತಿಮಾಬಿ ಒಳಗಿನಿಂದ ಕೂಗಿದಳು, "ಬೇಲಿ ಬೀಳಿಸ್ಬೇಡಿ ಅಕ್ಕಾ, ಒಳಗೆ ಬಂದು ಕೂತ್ಕೊಳ್ಳಿ."

ಆಮೇಲೆ ಎಂಟು ವರ್ಷದಲ್ಲಿ ಆ ದನಿ ಸಿಕ್ಕಿದ್ದು ಮೂರೇ ಸಲ. ಧಾರವಾಡವೆಂದರೆ ಅವಳ ಮನಸ್ಸಿನಲ್ಲಿ ಅಜ್ಜಿಯ ಕಥೆಯೊಳಗಿನ ಪಟ್ಟಣದಂತೆ ಬೆಳೆಯತೊಡಗಿತು. ಅಲ್ಲಿ ಹಾಲು ಮಾರುವವಳು ಶ್ರುತಿ ಹಿಡಿದು ಕೂಗುತ್ತಾಳೆ, ಬಾಗಿಲು ತೆಗೆದರೆ ಬಿಜಾಗರಿ ಕೂಡ ಷಡ್ಜದಲ್ಲಿ ಕಿರುಗುಟ್ಟುತ್ತದೆ, ಕಿಟಕಿಗೊಂದು ತಂಬೂರಿ ಒರಗಿರುತ್ತದೆ. ನೋಡಿಯೇ ಇಲ್ಲದ ಊರಿಗೆ ಏನು ಬೇಕಾದರೂ ತೊಡಿಸಬಹುದು.

ಅಲ್ಲಿಯವರೆಗೂ ಅದು ಕನಸೇ. ಕನಸಿಗೆ ಅವಸರವಿರಲಿಲ್ಲ. ಅವಸರ ಹುಟ್ಟಿಸಿದ್ದು ಅವಳ ಕಿವಿ.

ಎಡಗಿವಿ ಎರಡು ವರ್ಷದ ಹಿಂದೆಯೇ ಮುಚ್ಚಿಹೋಗಿತ್ತು. ಕಳೆದ ಶ್ರಾವಣದಲ್ಲಿ ಕುಮಟೆಯ ಅಣ್ಣನ ಮನೆಗೆ ಹೋದಾಗ ಅತ್ತಿಗೆ ಒಬ್ಬ ಡಾಕ್ಟರರಲ್ಲಿಗೆ ಕರೆದೊಯ್ದಳು. ಅವರು ಕಬ್ಬಿಣದ ಕವೆಗೋಲೊಂದನ್ನು ಮೇಜಿಗೆ ಬಡಿದು ಒಂದು ಕಿವಿಯ ಹತ್ತಿರ, ಇನ್ನೊಂದು ಕಿವಿಯ ಹತ್ತಿರ, ನೆತ್ತಿಯ ಮೇಲೆ ಇಟ್ಟು ನೋಡಿದರು. ಬಲಗಿವಿಗೂ ಅದೇ ರೋಗ ಇಳಿಯುತ್ತಿದೆ ಎಂದರು. ಇನ್ನೊಂದು ಮಳೆಗಾಲದವರೆಗೆ ಕೇಳಿಸಿದರೆ ಹೆಚ್ಚು. ಔಷಧವಿಲ್ಲ.

ಅತ್ತಿಗೆಯ ಕೈ ಹಿಡಿದು ಆಣೆ ಹಾಕಿಸಿಕೊಂಡಳು, ಇವರಿಗೆ ಹೇಳಬಾರದು ಎಂದು. ಯಾಕೆಂದು ಅವಳಿಗೂ ಸರಿಯಾಗಿ ತಿಳಿಯದು. ಬಾಯಿಬಿಟ್ಟು ಹೇಳಿದ ದಿನದಿಂದಲೇ ಕೇಡು ಮನೆಯೊಳಗೆ ಮಣೆ ಹಾಕಿ ಕೂರುತ್ತದೆ ಎಂಬುದು ಅವಳ ಅಜ್ಜಿಯ ನಂಬಿಕೆ. ಅದೂ ಒಂದು ಕಾರಣವಿರಬಹುದು. ಹೆಂಡತಿಗೆ ಕೇಳಿಸದ್ದೆಲ್ಲ ಮೈಮರೆವೆಂದು ತಿಳಿದಿದ್ದ ಗಂಡ. "ನಿನ್ನ ತಲೆ ಯಾವ ರಾಗದಲ್ಲಿ ಇದ್ದೇ?" ಎಂದು ಛೇಡಿಸುತ್ತಿದ್ದ. ಆ ಛೇಡಿಕೆ ಅನುಕಂಪವಾಗುವುದನ್ನು ನೋಡಲು ಅವಳಿಗೆ ಮನಸ್ಸಿರಲಿಲ್ಲ.

ಅಷ್ಟರಲ್ಲಿ ಧಾರವಾಡದಲ್ಲಿ ಓದಿ ಬೆಳಗಾವಿಗೆ ಕೆಲಸಕ್ಕೆ ಹೋಗಿದ್ದ ಸೋದರಮಾವನ ಮಗ ವೆಂಕಟ ಕಾಗದ ಬರೆದ. ಖಾನ್ ಸಾಹೇಬರು ರೇಡಿಯೋಕ್ಕೆ ಹಾಡುವುದನ್ನು ಬಿಟ್ಟಿದ್ದಾರೆ. ಈಗ ವರ್ಷಕ್ಕೆ ಒಂದೇ ದಿನ, ತಮ್ಮ ಗುರು ತೀರಿಹೋದ ದಿನ, ಮನೆಯ ಮುಂದೆ ಚಪ್ಪರ ಹಾಕಿಸಿ ದೀಪ ಹಚ್ಚುವ ಹೊತ್ತಿಗೆ ಒಂದೇ ಒಂದು ರಾಗ ಹಾಡುತ್ತಾರೆ. ಯಾರು ಬೇಕಾದರೂ ಹೋಗಿ ಕೂರಬಹುದು, ಹೆಂಗಸರಿಗೆ ಬೇರೆ ಚಾಪೆ. ದಿನ ಮಾತ್ರ ಗೊತ್ತಾಗುವುದು ಚಂದ್ರ ಕಂಡ ಮೇಲೆ. ಈ ಸಲ ಕಾರ್ತಿಕದ ಮೊದಲ ವಾರ, ಒಂದು ದಿನ ಹಿಂದೆ ಮುಂದೆ ಆಗಬಹುದು.

ಶ್ರೀಮತಿ ಆ ಕಾಗದವನ್ನು ಗಂಡನ ಊಟದ ಎಲೆಯ ಪಕ್ಕದಲ್ಲಿಟ್ಟಳು. ಇಪ್ಪತ್ತನಾಲ್ಕು ವರ್ಷದ ಸಂಸಾರದಲ್ಲಿ ಅವಳು ಕೇಳಿದ ಮೊದಲನೆಯ ವಸ್ತು ಅದು. ಮಹಾಬಲ ಓದಿದ, ಮಜ್ಜಿಗೆ ಕುಡಿದ, "ಆತು, ಹೋಪನ" ಎಂದ.

ಮಂಗಳವಾರ ಬೆಳಿಗ್ಗೆ ಮೊದಲ ಬಸ್ಸು. ಶರಾವತಿಗೆ ಇನ್ನೂ ಸೇತುವೆಯಿಲ್ಲದ ಕಾಲ. ಲಾಂಚಿನಲ್ಲಿ ಹೊನ್ನಾವರದ ದಡ ಸೇರಿ ಮತ್ತೊಂದು ಬಸ್ಸು ಹಿಡಿದು, ಕುಮಟೆ ದಾಟಿ, ಘಟ್ಟ ಹತ್ತಿ, ಹುಬ್ಬಳ್ಳಿಯ ಧೂಳು ತಿಂದು ಧಾರವಾಡ ಮುಟ್ಟುವಾಗ ಕತ್ತಲಾಗಿತ್ತು. ಬಸ್ ಸ್ಟ್ಯಾಂಡಿನೆದುರಿನ ವಸತಿಗೃಹದಲ್ಲಿ ಉಳಿದರು. ಅವಳು ನಿದ್ದೆಯಲ್ಲೂ ಬಲಗಿವಿಯನ್ನು ದಿಂಬಿಗೆ ಒತ್ತಲಿಲ್ಲ.

ಬುಧವಾರ ಹತ್ತು ಗಂಟೆಗೆ ಖಾನ್ ಸಾಹೇಬರ ಓಣಿ ಹುಡುಕಿಕೊಂಡು ಹೋದರು. ಮನೆಯ ಮುಂದೆ ಬಿದಿರ ಗಳಗಳು ನೆಲದ ಮೇಲೆ ಬಿದ್ದಿದ್ದವು. ಜಮಖಾನೆಗಳು ಸುರುಳಿ ಸುತ್ತಿ ಜಗಲಿಯ ಮೇಲಿದ್ದವು. ಇಬ್ಬರು ಆಳುಗಳು ಹಗ್ಗದ ಗಂಟು ಬಿಡಿಸುತ್ತ ಕೂತಿದ್ದರು. ಬಾಗಿಲಲ್ಲಿ ಎಲೆಯಡಿಕೆ ಜಗಿಯುತ್ತ ಒಬ್ಬಳು ಮುದುಕಿ.

ಮಹಾಬಲ ಗಂಟಲು ಸರಿಮಾಡಿಕೊಂಡ. ಮುಂಬಯಿ ಸರ್ಕಾರದ ಕಾಲದಲ್ಲಿ ಇಲಾಖೆಯ ಮರಾಠಿ ಪರೀಕ್ಷೆಯನ್ನು ಇಡೀ ಜಿಲ್ಲೆಗೇ ಎರಡನೆಯವನಾಗಿ ಪಾಸು ಮಾಡಿದವನು ಅವನು. ರಾಜ್ಯ ಬದಲಾಗಿ ಮೂರು ವರ್ಷವಾದರೂ ಆ ಮರಾಠಿಯನ್ನು ಇಸ್ತ್ರಿ ಮಾಡಿದ ಅಂಗಿಯಂತೆ ಎತ್ತಿಟ್ಟುಕೊಂಡಿದ್ದ. ಗಾಯನ ಯಾವಾಗ ಎಂದು ಆ ಚಂದದ ಮರಾಠಿಯಲ್ಲಿ ಕೇಳಿದ.

ಮುದುಕಿ ಬಾಯಿಯ ರಸ ಚೆಲ್ಲದಂತೆ ಮುಖ ಮೇಲೆತ್ತಿ ಹೇಳಿದಳು, "ಗಾನಾ? ಕಲ್ ಗಾನಾ. ಆಜ್ ಕುಛ್ ನಹೀಂ."

ಮಹಾಬಲನ ಮುಖ ಇಳಿಯಿತು.

"ಎಂತ ಹೇಳ್ತು?" ಎಂದಳು ಶ್ರೀಮತಿ.

"ಮುಗ್ದೋತು ಮಾರಾಯ್ತಿ. ನಿನ್ನೆಯೇ ಮುಗ್ದೋತಡ. ಇವತ್ತು ಎಂತದೂ ಇಲ್ಲೆ ಹೇಳ್ತು."

ಆ ತುಂಬಿದ ಬಾಯಿಯ ಮಾತಿನಲ್ಲಿ ಅವಳಿಗೆ ಕೇಳಿಸಿದ್ದು ಒಂದೇ ಶಬ್ದ: ಕಲ್. ಅದು ಸ್ಪಷ್ಟವಾಗಿಯೇ ಕೇಳಿಸಿತ್ತು. ಫಾತಿಮಾಬಿಯ ಮನೆಯ ನವಾಯಿತಿ ಮಾತಿನಲ್ಲಿ, ಮೀನು ಮಾರುವವಳ ಕೊಂಕಣಿಯಲ್ಲಿ ದಿನಕ್ಕೆ ಹತ್ತು ಸಲ ಕೇಳುವ ಶಬ್ದ. ಕಾಲ್ ಅಂದರೆ ನಿನ್ನೆ. ಗಂಡನ ಮರಾಠಿಯಲ್ಲೂ ಅದೇ. ಎರಡೂ ಕೂಡಿದ ಮೇಲೆ ಸಂಶಯವೆಲ್ಲಿ? ಗಳ ಕಿತ್ತುಹಾಕಿದ್ದಾರೆ, ಜಮಖಾನೆ ಸುತ್ತಿದ್ದಾರೆ. ಇನ್ನೊಮ್ಮೆ ಕೇಳಿ ಎನ್ನಬೇಕೆಂದು ನಾಲಿಗೆಯ ತುದಿಗೆ ಬಂತು. ಮತ್ತೆ ಮತ್ತೆ ಕೇಳುವವಳು ಕಿವುಡಿ ಎಂದು ಗೊತ್ತಾಗುತ್ತದೆ. ಕೇಳದೆಯೇ ಓಣಿಯ ಕಡೆ ತಿರುಗಿದಳು.

"ನಾವು ಬಸ್ಸಿನಲ್ಲಿ ಇಪ್ಪಕಾದ್ರೆ ಅವ್ರು ಹಾಡ್ತಾ ಇದ್ದಿದ್ವಡ" ಎಂದ ಮಹಾಬಲ. ಅವನಿಗೇ ಅಳು ಬರುವ ಹಾಗಿತ್ತು.

ಆ ಇಡೀ ದಿನ ಅವನು ಅವಳಿಗೆ ಊರು ತೋರಿಸಿದ. ಗುಡ್ಡದ ಮೇಲಿನ ಕಾಲೇಜು, ಕೆರೆ, ರೇಡಿಯೋ ಸ್ಟೇಷನ್ನಿನ ಗೇಟು. "ನೋಡು, ಫಾತಿಮಾಬಿ ಮನೆ ಹಾಡೆಲ್ಲ ಇಲ್ಲಿಂದ್ಲೇ ಹೊರಡದು" ಎಂದು ಗೇಟಿನ ಸರಳುಗಳನ್ನು ತೋರಿಸಿದ, ಹಾಡುಗಳು ಅವುಗಳ ನಡುವಿನಿಂದ ನುಸುಳಿ ಬರುತ್ತವೆ ಎನ್ನುವ ಹಾಗೆ. ತಂಬೂರಿ ರಿಪೇರಿಯ ಅಂಗಡಿಯಲ್ಲಿ ಒಡೆದ ಸೋರೆಬುರುಡೆಗಳ ನಡುವೆ ಕೂತಿದ್ದವನು, "ಬರ್ರೀ ಅಕ್ಕಾರ, ಒಳಗ ಬರ್ರಿ, ಹಾಡ್ತೀರೇನು?" ಎಂದ.

"ಇಲ್ಲ, ಕೇಳುತ್ತೇನೆ" ಎಂದಳು ಶ್ರೀಮತಿ.

"ಹಾಡವ್ರು ಭಾಳ ಮಂದಿ ಆಗ್ಯಾರ್ರೀ. ಕೇಳವ್ರನ್ನ ಈಗ ಹುಡುಕಬೇಕಾಗೇದ." ತಂತಿಯೊಂದನ್ನು ಮೀಟಿದ. ಅವಳು ಬಲಗಿವಿಯನ್ನು ತಂಬೂರಿಯ ಹೊಟ್ಟೆಗೇ ಆನಿಸಿ ಕಣ್ಣು ಮುಚ್ಚಿದಳು. ಅವನು ನಗಲಿಲ್ಲ. ಆ ತಂತಿಯ ಸದ್ದು ಪೂರ್ತಿ ಸಾಯುವವರೆಗೆ ಇನ್ನೊಂದನ್ನು ಮುಟ್ಟಲಿಲ್ಲ.

ಸಂಜೆ ಟಾಂಗಾದಲ್ಲಿ ಒಬ್ಬ ಮುದುಕರು ಎದುರಾದರು. ಕುತ್ತಿಗೆಗೆ ಮಫ್ಲರು ಬಿಗಿದಿತ್ತು. ಅಂಗಡಿಯವರು ಎದ್ದೆದ್ದು ಸಲಾಮು ಮಾಡಿದರೂ ತುಟಿ ಬಿಚ್ಚದೆ ಕೈಯನ್ನಷ್ಟೇ ಎತ್ತುತ್ತಿದ್ದರು. "ಅವ್ರೇ ಇರವು" ಎಂದ ಮಹಾಬಲ. "ನಿನ್ನೆ ಹಾಡಿ ದಣಿದ್ದ, ಪಾಪ." ಶ್ರೀಮತಿ ಟಾಂಗಾ ತಿರುವು ಮುಗಿಯುವವರೆಗೂ ನೋಡಿದಳು. ಆ ಮಫ್ಲರಿನೊಳಗೆ ಇತ್ತು ಆ ದನಿ. ಹತ್ತು ಮಾರು ದೂರದಲ್ಲಿ.

ಗುರುವಾರ ಬೆಳಿಗ್ಗೆ ಬಸ್ಸು ಆ ಓಣಿಯ ಬಾಯಿಯನ್ನು ಹಾದೇ ಹೋಯಿತು. ಒಳಗೆ ಬಿಳಿಯ ಚಪ್ಪರವೊಂದು ಎದ್ದು ನಿಂತಿತ್ತು. ಯಾರದೋ ಮದುವೆಯಿರಬೇಕು ಎಂದುಕೊಂಡಳು.

ಹೊನ್ನಾವರ ತಲುಪುವಾಗ ಐದು ಗಂಟೆ ದಾಟಿತ್ತು. ನೀರಿಳಿತ. ಲಾಂಚು ಆಚೆ ದಡದಲ್ಲೇ ನಿಂತಿತ್ತು. ಹತ್ತಿಪ್ಪತ್ತು ಜನ ಗಂಟುಮೂಟೆ ಇಟ್ಟುಕೊಂಡು ಕಾಯುತ್ತಿದ್ದರು. ಅವರಲ್ಲಿ ಭಟ್ಕಳದ ಬಟ್ಟೆ ವ್ಯಾಪಾರಿ ದಾಮುದಿ ಸಾಹೇಬರೂ ಇದ್ದರು. ಎದುರು ಕೂತವರೊಡನೆಯೂ ಸಂತೆಯಲ್ಲಿ ಕೂಗಿದಂತೆ ಮಾತಾಡುವ ಮನುಷ್ಯ. ಶ್ರೀಮತಿಗೆ ಇತ್ತೀಚೆಗೆ ಅಂಥವರೇ ಇಷ್ಟ.

"ಎಂತ ಹೆಗಡೇರೆ, ಅಮ್ಮನವರನ್ನ ಕರ್ಕೊಂಡು ಯಾತ್ರೆಯಾ?"

"ಯಾತ್ರೆಯೇ ಸಾಹೇಬ್ರೆ. ನಾವು ಹೋಗಿ ಮುಟ್ಟೋದ್ರೊಳಗೆ ದೇವ್ರು ಎದ್ದು ಹೋಗಿದ್ದ" ಎಂದು ಮಹಾಬಲ ಕಥೆಯನ್ನೆಲ್ಲ ಹೇಳಿದ. ನಗುವಂತೆಯೇ ಹೇಳಿದ, ಎರಡು ದಿನದಲ್ಲಿ ಅವನು ಆ ದುಃಖವನ್ನು ನಗುವಷ್ಟಕ್ಕೆ ಹದ ಮಾಡಿಕೊಂಡಿದ್ದ. ಮುದುಕಿಯ ಬಾಯಿ ಅಣಕಿಸಿ, ಮುಖ ಮೇಲೆತ್ತಿ, "ಕಲ್ ಗಾನಾ, ಆಜ್ ಕುಛ್ ನಹೀಂ" ಎಂದ.

ದಾಮುದಿ ಸಾಹೇಬರು ನಗಲಿಲ್ಲ.

"ಹಾಗೇ ಹೇಳಿದ್ಳಾ?"

"ಹಾಗೇ."

"ಹೆಗಡೇರೆ, ಅದು ಮರಾಠಿ ಅಲ್ಲ. ಉರ್ದು."

"ಇರ್ಲಿ. ಕಾಲ್ ಅಂದ್ರೆ ನಿನ್ನೆ ಅಲ್ವಾ? ನಿಮ್ಮ ಮಾತಲ್ಲೂ ಅದೇ ಅಲ್ವಾ?"

"ನಮ್ಮ ಮಾತಲ್ಲಿ ನಿನ್ನೆಯೇ. ಉರ್ದುವಲ್ಲಿ ನಿನ್ನೆಗೂ ಅದೇ, ನಾಳೆಗೂ ಅದೇ. ಒಂದೇ ಶಬ್ದ." ಅವರು ದನಿ ತಗ್ಗಿಸಲು ನೋಡಿದರು, ಅಭ್ಯಾಸವಿರಲಿಲ್ಲ. ಶ್ರೀಮತಿಗೆ ಒಂದೊಂದು ಅಕ್ಷರವೂ ಕೇಳಿಸಿತು. "ಅವಳು ನಾಳೆ ಅಂದಿದ್ದು. ಯಾವತ್ತು ಕೇಳಿದ್ದು ನೀವು?"

"ಬುಧವಾರ" ಎಂದಳು ಶ್ರೀಮತಿ.

ಇವತ್ತು ಗುರುವಾರ ಎಂದು ಹೇಳಬೇಕಾದ ಅಗತ್ಯವಿರಲಿಲ್ಲ. ಸೂರ್ಯ ಅಳಿವೆಯ ಕಡೆ ಕೆಂಪಗೆ ಇಳಿದಿದ್ದ. ದಡದ ಚಹಾದ ಅಂಗಡಿಯವನು ಕಂದೀಲಿನ ಗಾಜು ಒರೆಸುತ್ತಿದ್ದ.

"ಈಗ ಹೊರಟ್ರೆ?" ಎಂದಳು. ಕೇಳುವಾಗಲೇ ಆ ಪ್ರಶ್ನೆ ಎಷ್ಟು ಮಳ್ಳು ಎಂದು ಅವಳಿಗೆ ಗೊತ್ತಿತ್ತು.

"ಈಗ ಹೊರಟ್ರೆ ಬೆಳಗಾಗ್ತದೆ ಅಮ್ಮ" ಎಂದರು ಸಾಹೇಬರು. ಅವರು ಎದ್ದು ಸ್ವಲ್ಪ ದೂರ ಹೋಗಿ ನೀರು ನೋಡುತ್ತ ನಿಂತರು.

ಓಣಿಯಲ್ಲಿ ನಿಂತಿದ್ದ ಬಿಳಿಯ ಚಪ್ಪರ ಅವಳ ಕಣ್ಣಮುಂದೆ ಬಂತು. ಗಳಗಳು ಬಿದ್ದಿದ್ದಲ್ಲ, ಏಳಬೇಕಾಗಿದ್ದವು. ಜಮಖಾನೆ ಸುತ್ತಿಟ್ಟದ್ದಲ್ಲ, ಬಿಚ್ಚಬೇಕಾಗಿತ್ತು. ಆ ಮುದುಕರು ಹಾಡಿ ದಣಿದು ಸುಮ್ಮನಿದ್ದದ್ದಲ್ಲ, ದನಿಯನ್ನು ಇವತ್ತಿಗಾಗಿ ಕೂಡಿಡುತ್ತಿದ್ದರು. ಎಲ್ಲವೂ ಕಣ್ಣೆದುರೇ ಇತ್ತು. ಎಲ್ಲವನ್ನೂ ತಾವಿಬ್ಬರೂ ಹಿಂದುಮುಂದಾಗಿ ಓದಿದ್ದರು.

ಈಗ ಚಾಪೆ ಹಾಸಿರುತ್ತಾರೆ. ಹೆಂಗಸರು ಸೆರಗು ಸರಿಮಾಡಿಕೊಂಡು ಕೂರುತ್ತಿರುತ್ತಾರೆ. ಈಗ ಮಫ್ಲರು ಬಿಚ್ಚುತ್ತಿರಬಹುದು.

ಲಾಂಚು ಬಂತು. ಜನ ಹತ್ತಿದರು, ಅವರೂ ಹತ್ತಿದರು. ಹತ್ತದೆ ಇನ್ನೇನು ಮಾಡುವುದು? ಇಂಜಿನ್ನಿನ ಬಡಿತ ಹಲಗೆಯ ಮೂಲಕ ಅವಳ ಕಾಲಿಗೆ, ಬೆನ್ನಿಗೆ, ಹಲ್ಲಿಗೆ ಹತ್ತಿತು. ಕಿವಿಗೆ ಮಾತ್ರ ಅರ್ಧವೇ. ಮಹಾಬಲ ಅವಳ ಎಡಗಡೆಗೆ ಬಂದು ಕೂತ. ಅವನ ತುಟಿಗಳು ಅಲುಗಾಡುತ್ತಲೇ ಇದ್ದವು. ಕೈಯನ್ನು ಎದೆಗೆ ತಟ್ಟಿಕೊಂಡ, ಹಣೆಗೆ ಬಡಿದುಕೊಂಡ. ಮರಾಠಿ ಎಂದಿರಬೇಕು, ಪರೀಕ್ಷೆ ಎಂದಿರಬೇಕು. ಅವನು ತನ್ನನ್ನು ತಾನೇ ಬೈದುಕೊಳ್ಳುತ್ತಿದ್ದಾನೆ ಎಂಬುದು ಅವಳಿಗೆ ತಿಳಿಯಿತು. ಬೈಗುಳ ಯಾವುದೆಂದು ತಿಳಿಯಲಿಲ್ಲ.

ಅವಳು ಮುಖವನ್ನು ಪೂರ್ತಿ ಅವನ ಕಡೆ ತಿರುಗಿಸಿದಳು. ಆಗ ಬಲಗಿವಿಗೆ ಅಷ್ಟು ಸಿಕ್ಕಿತು.

"ಮುಂದಿನ ವರ್ಷ ಹೋಪನ. ಆಗ ನಾಲ್ಕು ದಿನ ಮೊದ್ಲೇ ಹೋಗಿ ಅವ್ರ ಜಗಲಿ ಮೇಲೇ ಕೂತ್ಕಂಬ. ನಾನು ಉರ್ದು ಕಲೀತೆ. ಮುಂದಿನ ವರ್ಷ ಅವ್ರ ಎದುರಿಗೇ ಕೂತು ಕೇಳಲಕ್ಕು ನೀನು."

ಅವನ ಕಣ್ಣು ಒದ್ದೆಯಾಗಿತ್ತು. ಇಷ್ಟು ದಿನ ಬಚ್ಚಿಟ್ಟದ್ದನ್ನು ಈಗ ಹೇಳಿಬಿಡಲೇ ಎನಿಸಿತು ಅವಳಿಗೆ. ಇವತ್ತಿಗೂ ಮುಂದಿನ ವರ್ಷಕ್ಕೂ ನಡುವೆ ಒಂದು ಮಳೆಗಾಲವಿದೆ ಎಂದು ಹೇಳಿದರೆ ಈ ಮನುಷ್ಯ ಏನಾಗುತ್ತಾನೆ? ಒಂದು ಶಬ್ದದ ತಪ್ಪನ್ನೇ ಹೊರಲಾರದೆ ಹೀಗೆ ಕುಗ್ಗಿದವನು, ಆ ತಪ್ಪಿನ ನಿಜವಾದ ತೂಕ ಗೊತ್ತಾದರೆ ಬದುಕಿರುವಷ್ಟು ದಿನ ಹೊತ್ತುಕೊಂಡು ತಿರುಗುತ್ತಾನೆ. ಹೇಳಿದರೂ ಧಾರವಾಡದಲ್ಲಿ ಈ ಹೊತ್ತು ಶುರುವಾದದ್ದು ಇವಳಿಗಾಗಿ ನಿಲ್ಲುವುದಿಲ್ಲ.

ಅವನು ಇನ್ನೇನೋ ಹೇಳಿದ. ಇಂಜಿನ್ನು ಅದನ್ನು ನುಂಗಿತು. ಅವಳು ಉತ್ತರ ಕೊಡದ್ದನ್ನು ಕಂಡು ಅವಳ ಭುಜ ಹಿಡಿದು ಅಲುಗಿಸಿ ಕೂಗಿದ:

"ಶ್ರೀಮತೀ, ನಾ ಹೇಳಿದ್ದು ಕೇಳ್ತ ನಿಂಗೆ?"

"ಕೇಳ್ತು" ಎಂದಳು ಅವಳು.

ದಡ ಬಂತು. ಭಟ್ಕಳದ ಬಸ್ಸು ದೀಪ ಹಾಕಿಕೊಂಡು ನಿಂತಿತ್ತು, ಕಂಡಕ್ಟರು ಕೈಬೀಸಿ ಕರೆಯುತ್ತಿದ್ದ. ಮಹಾಬಲ ಟ್ರಂಕು ಎತ್ತಿಕೊಂಡು ಮುಂದೆ ನಡೆದ, ಅವಳು ಹಿಂದೆ.