ಹಲಸಿನ ಮರದ ಕರು

ನಮ್ಮ ಯಜಮಾನ್ರು ಲೋಕೇಶ್‌ಗೆ ಮರ ಅಂದ್ರೆ ಪ್ರಾಣ, ಜಗಳ ಅಂದ್ರೆ ಜ್ವರ. ಬಾಗ್ಲು ಮಾಡ್ಸಕ್ಕೆ ಕೆ.ಆರ್. ಪೇಟೆಯಿಂದ ಜನ ಇವ್ರನ್ನ ಹುಡಿಕ್ಕೊಂಡು ಬತ್ತಾರೆ. ಆದ್ರೆ ಒಂದು ಕಷ್ಟದ ಮಾತು ಇವ್ರ ಬಾಯಿಂದ ಹೊರಡಕ್ಕಿಲ್ಲ.

ನಮ್ಮ ಮಗಳು ಹೇಮಶ್ರೀನ ಸ್ಕೂಲ್ ಬಿಡಿಸಿ ಮನೇಲೇ ಓದುಸ್ತಾ ಇದೀನಿ. ಅಲ್ಲಿ ಏನ್ ಕೇಳಿದ್ರೂ ‘ಬಾಯ್ಮುಚ್ಕೊಂಡು ಬರ್ಕೊ’ ಅಂತಿದ್ರು. ಮಗು ಮಾತೇ ಬಿಟ್ಬುಟ್ಟಿತ್ತು. ‘ಮನೇಲೇ ಸ್ಕೂಲಂತೆ, ಸೊಸೇನೇ ಮೇಷ್ಟ್ರಂತೆ!’ ಅಂತ ನಮ್ಮತ್ತೆ ದೊಡ್ಡತಾಯಮ್ಮ ಈಗಲೂ ಆಡ್ಕೊತಾರೆ. ಆಡ್ಕೊಳ್ಳಿ. ಅಪ್ಪ ಹಲಗೆ ಕುಯ್ಯೋವಾಗ ಭಿನ್ನರಾಶಿ ಕಲೀತಾಳೆ, ಕೋಳಿ ಕಾವಿಗೆ ಕೂತಾಗ ವಿಜ್ಞಾನ. ನಮ್ಮ ಪಾಠಕ್ಕೆ ಒಂದೇ ಕಾನೂನು: ಏನ್ ಬೇಕಾದ್ರೂ ಕೇಳು, ನಿಜ ಹೇಳ್ತೀವಿ. ಅಂಗೆ ಮಗೀಗೆ ಮಾತು ವಾಪಸ್ ಬಂತು.

ಹೋದ ವಾರ ಅವಳು ಪಾಂಡವಪುರಕ್ಕೆ, ನಮ್ಮವ್ವನ ಮನೆಗೆ ಹೋಗಿದ್ದಾಗ ನಮ್ಮ ಹಸ ಗೌರಿಯ ಕರು ಭೇದಿ ಅತ್ಕಂಡು ಸತ್ತೋಯ್ತು. ಗದ್ದೆ ಬದುವಿನ ಹೊಂಗೆಮರದ ಕೆಳಗೆ ಹೂತ್ವಿ. ಅವತ್ತಿಂದ ಗೌರಿ ಕೆಚ್ಚಲು ಮುಟ್ಟಿದ್ರೆ ಒದಿಯೋಳು, ಹಾಲು ಬುಡಳು.

‘ನಮ್ ಕಾಲ್ದಲ್ಲಿ ಸತ್ತ ಕರುನ ಚರ್ಮಕ್ಕೆ ಹುಲ್ಲು ತುಂಬಿ ನಿಲ್ಲುಸ್ತಿದ್ರು ಕಣವ್ವ. ಹಸ ಅದ್ನ ನೆಕ್ತಾ ನೆಕ್ತಾ ಹಾಲು ಬುಡೋದು’ ಅಂದ್ರು ಅತ್ತೆ.

ಚರ್ಮ ಎಲ್ಲಿಂದ ತರೋದು, ಹೂತಾಗಿತ್ತು. ಇವ್ರು ಹಲಸಿನ ದಿಮ್ಮಿ ಎಳ್ಕೊಂಡು ಬಾಚಿ ಹಿಡ್ಕೊಂಡು ಕೂತ್ರು. ಕರು ಕೆತ್ತಿದ್ರು ಕಣ್ರೀ, ಕಿವಿ ಸಮೇತ! ಸಾಲದು ಅಂತ ಪಾಲಿಶ್ ಬೇರೆ ಹೊಡೆದ್ರು. ಗೌರಿ ಮೂಸಿ, ಒಂದ್ಸಲ ಸೀನಿ, ಕೊಂಬಲ್ಲಿ ತಿವಿದು ಬೀಳಿಸಿದ್ಲು. ಪಾಲಿಶ್ ವಾಸ್ನೆ ಹೊಡಿಯೋ ಕರು ಯಾವ ತಾಯಿಗೆ ಬೇಕು? ನಂಗೆ ನಗು ಬಂತು, ಆಮೇಲೆ ನಕ್ಕಿದ್ದಕ್ಕೇ ಅಳು ಬಂತು.

ಹೇಮ ಬಂದೋಳೇ ‘ಕರು ಎಲ್ಲಿ?’ ಅಂದ್ಲು. ನಾನು ಬಾಯಿ ಬಿಡೋಕ್ಮುಂಚೆ ಇವ್ರು, ‘ಬೆಳ್ಳೂರು ದೊಡ್ಡಪ್ಪ ತಕ್ಕಂಡೋದ್ರು ಕಣವ್ವ’ ಅಂದ್ಬುಟ್ರು. ನನ್ ಮೈ ಉರಿದೋಯ್ತು.

ಊರಿಗೆ ಬಂದೋಳು ನೀರಿಗೆ ಬರ್ದೆ ಇರ್ತಾಳಾ? ಕೊಟ್ಟಿಗೆಗೆ ಹೋಗಿ ಮರದ ಕರು ನೋಡಿದ್ಲು. ‘ನಮ್ ಕರು ಬೆಳ್ಳೂರಲ್ಲಿದ್ರೆ ಕರ್ಕೊಂಬರೋದು ಬುಟ್ಟು ಇದ್ಯಾಕಪ್ಪ ಮಾಡ್ದೆ?’

ಇವ್ರು ಉಳಿ ಹುಡುಕೋರಂಗೆ ಅತ್ಲಾಗೆ ತಿರುಗ್ಕೊಂಡ್ರು.

‘ರೀ, ನೀವೇ ಹೇಳ್ಬೇಕು,’ ಅಂದೆ. ‘ಇವತ್ತು ಈ ಸುಳ್ಳನ್ನ ಹಂಗೇ ಬಿಟ್ರೆ ನಾಳೆಯಿಂದ ಇವಳು ನಮ್ಮನ್ನ ಏನೂ ಕೇಳಕ್ಕಿಲ್ಲ. ಮತ್ತೆ ಬಾಯ್ ಮುಚ್ಕೊತಾಳೆ.’

ಇವ್ರು ನೆಲ ನೋಡ್ಕೊಂಡು ಕರು ಸತ್ತಿದ್ದು ಹೇಳಿದ್ರು. ಎಲ್ಲಿ ಹೂತಿದ್ದು ಅಂತಲೂ ಹೇಳಿದ್ರು.

ಹೇಮ ಅಳ್ಲಿಲ್ಲ, ಮಾತೂ ಆಡ್ಲಿಲ್ಲ. ಅದೇ ನಂಗೆ ಭಯ ಆಗಿದ್ದು. ಗೌರಿಯ ಹಗ್ಗ ಬಿಚ್ಚಿ, ಅವಳನ್ನ ಹಿಡ್ಕೊಂಡು ಹೊಂಗೆಮರದ ಕಡೆ ನಡೆದ್ಲು.

‘ಅಯ್ಯೋ, ತೋರುಸ್ಬ್ಯಾಡ ಕಣೇ! ಇರೋ ಹಾಲೂ ಬತ್ತೋಯ್ತದೆ!’ ಅಂತ ಅತ್ತೆ ಕೂಗಿದ್ರು.

‘ಬತ್ತಿದ್ರೆ ಬತ್ಲಿ ಬುಡಿ’ ಅಂದೆ.

ಗೌರಿ ಹೊಸ ಮಣ್ಣು ಮೂಸಿ ಉದ್ದಕ್ಕೆ ಒಂದ್ಸಲ ಕೂಗಿದ್ಲು. ಆಮೇಲೆ ಬಲು ಹೊತ್ತು ಅಲ್ಲೇ ನಿಂತ್ಲು. ನಾವೂ ನಿಂತ್ವಿ.

ಕೊನೆಗೆ ಹೇಮ ಅವರಪ್ಪನ ಮುಂದೆ ಬಂದ್ಲು. ‘ಅಪ್ಪ, ಇನ್ಮೇಲೆ ಯಾರು ಸತ್ರೂ ನಂಗೆ ನಿಜ ಹೇಳ್ಬೇಕು. ನೀನು ಸತ್ರೂ.’

ಇವ್ರು ಎಂದಿನಂಗೆ ‘ಆಯ್ತು ಕಣವ್ವ’ ಅನ್ನಕ್ಕೆ ಬಾಯಿ ತೆಗೆದೋರು ನಿಲ್ಲಿಸ್ಬುಟ್ರು. ಕಣ್ಣು ತುಂಬ್ಕೊಂಡಿತ್ತು.

‘ಅದೊಂದ ನಾನು ಹೇಳಕ್ಕಾಗಕ್ಕಿಲ್ಲ ಕಣವ್ವ. ಅದ ನಿಮ್ಮವ್ವ ಹೇಳ್ತಾಳೆ.’

ಮಗಳು ನನ್ನ ಕಡೆ ತಿರುಗಿ ನೋಡಿದ್ಲು. ಅವಳ ಕೈಯಿಂದ ಗೌರಿಯ ಹಗ್ಗ ಇಸ್ಕೊಂಡೆ. ‘ಊಂ, ಹೇಳ್ತೀನಿ’ ಅಂದೆ.