ಹಿಂದಿನ ಗಾಲಿಯ ನಿಂಬೆಹಣ್ಣು

ಎಂಬತ್ತಾರರಲ್ಲಿ ಮದುಕ್ಕರೈ ಪಕ್ಕದ ಕಲ್ಲುಗಣಿಗೆ ಭಾರ ಎತ್ತಿ ಸಾಗಿಸುವ ಫೋರ್ಕ್‌ಲಿಫ್ಟ್ ಗಾಡಿ ಬಂತು, ಹಳ್ಳದಿಣ್ಣೆಯಲ್ಲೂ ಓಡುವಂಥದ್ದು. ಅದನ್ನು ಓಡಿಸಬೇಕಾದ ಮಯಿಲ್‌ಸಾಮಿ ಎತ್ತಿನ ಗಾಡಿ, ಟ್ರಾಕ್ಟರ್ ಬಿಟ್ಟರೆ ಬೇರೇನೂ ಮುಟ್ಟಿದವನಲ್ಲ. ಅವನ ತಾಯಿ ಕನ್ನಿಯಮ್ಮಾಳ್ ಪೂಜೆ ಮುಗಿಸಿ, ಮುಂದಿನ ಗಾಲಿಗಳಡಿ ನಿಂಬೆಹಣ್ಣಿಟ್ಟು ದೂರ ಸರಿದಳು. ಗಾಡಿ ಮುಂದಕ್ಕೆ ಸರಿದಾಗ ಹಣ್ಣುಗಳು ಪಿಚಕ್ಕೆಂದು ಒಡೆದವು. ಮಯಿಲ್‌ಸಾಮಿ ಗತ್ತಿನಿಂದ ಸ್ಟೇರಿಂಗ್ ಬಲಕ್ಕೆ ತಿರುಗಿಸಿದ. ಈ ಗಾಡಿಯಲ್ಲಿ ತಿರುಗುವುದು ಹಿಂದಿನ ಗಾಲಿ. ಹಿಂಭಾಗ ಎಡಕ್ಕೆ ಬೀಸಿ, ಪಕ್ಕದಲ್ಲಿಟ್ಟಿದ್ದ ಪೂಜೆಯ ಕೊಡವನ್ನು ಉರುಳಿಸಿಬಿಟ್ಟಿತು.

"ಗಾಡಿ ಮೂತಿ ಸರಿಯಾಗೇ ಹೋಯ್ತಲ್ಲವ್ವಾ!" ಎಂದ, ಪೆಚ್ಚಾಗಿ.

ಕನ್ನಿಯಮ್ಮಾಳ್ ಬೈಯಲಿಲ್ಲ. ಮಡಿಲಿನಿಂದ ಇನ್ನೆರಡು ನಿಂಬೆಹಣ್ಣು ತೆಗೆದು ಹಿಂದಿನ ಗಾಲಿಗಳಡಿ ಇಟ್ಟಳು.

"ಎತ್ತಿಗೆ ಮೂಗುದಾರ ಮುಂದೆ, ಸಾಮಿ. ಇದಕ್ಕೆ ಬಾಲದಲ್ಲಿದೆ. ನಾನು ಪೂಜೆ ಮಾಡಿದ್ದೇ ತಪ್ಪು ಕಡೆ."